ರಸ್ತೆ ಬದಿಯ ಕಂಟಿ, ಪೇಟೆಯ ನಡುವಿನ ಮರ

ಮುಂಗಾರು ಮುಗಿದು ದೀಪಾವಳಿ ಹತ್ತಿರವಾಗುತ್ತಿದ್ದಂತೆ ನಮ್ಮ ಭಾಗದ ರಸ್ತೆಗಳ ಅಗಲ ತಾನಾಗಿಯೇ ಕಡಿಮೆಯಾಗುತ್ತದೆ. ಅಳತೆ ಪುಸ್ತಕದಲ್ಲಿ ಅದು ಅಷ್ಟೇ ಇರುತ್ತದೆ. ಕಣ್ಣಿಗೆ ಕಾಣುವ ರಸ್ತೆ ಮಾತ್ರ ಎರಡೂ ಬದಿಯಿಂದ ಕಿರಿದಾಗುತ್ತ ಬರುತ್ತದೆ. ಬಳ್ಳಾರಿ ಜಾಲಿಯ ಕಂಟಿ ಡಾಂಬರಿನ ಅಂಚಿಗೆ ಬಾಗಿರುತ್ತದೆ. ಕಾಂಗ್ರೆಸ್ ಕಸ ಎದೆಯೆತ್ತರಕ್ಕೆ ಬೆಳೆದು ಬೆಳ್ಳಗೆ ಹೂಬಿಟ್ಟಿರುತ್ತದೆ. ತಿರುವಿನ ಸೂಚನಾ ಫಲಕಗಳು ಎಲೆಗಳ ಹಿಂದೆ ಮರೆಯಾಗಿರುತ್ತವೆ. ಅದೇ ಹೊತ್ತಿಗೆ ಕಬ್ಬು ನುರಿಸುವ ಹಂಗಾಮು ಆರಂಭವಾಗಿ, ಎರಡೆರಡು ಟ್ರೇಲರುಗಳನ್ನು ಎಳೆದುಕೊಂಡ ಟ್ರ್ಯಾಕ್ಟರುಗಳು ಹಗಲು ರಾತ್ರಿಯೆನ್ನದೆ ಸಾಲುಗಟ್ಟುತ್ತವೆ.

ಹಿಂದಿನ ಹಂಗಾಮಿನಲ್ಲಿ ಮುರಗೋಡದ ಸಮೀಪದ ಇಂಥ ಒಂದು ತಿರುವಿನಲ್ಲಿ, ಕಾಲೇಜಿಗೆ ಹೊರಟಿದ್ದ ಹುಡುಗನೊಬ್ಬ ಎದುರಿನಿಂದ ಬಂದ ಕಬ್ಬಿನ ಟ್ರೇಲರಿಗೆ ತಾಗಿ ಬಿದ್ದು ಕಾಲು ಮುರಿದುಕೊಂಡ. ಕಂಟಿಯ ಮರೆಯಲ್ಲಿ ಅವನಿಗೆ ಟ್ರ್ಯಾಕ್ಟರ್ ಕಾಣಲಿಲ್ಲ, ಚಾಲಕನಿಗೆ ಅವನು ಕಾಣಲಿಲ್ಲ. ಮರುದಿನ ಅಕ್ಕಪಕ್ಕದ ಹೊಲದವರು ಕೊಡಲಿ ಕುಡುಗೋಲು ತಂದು ಆ ತಿರುವನ್ನು ತಾವೇ ಸ್ವಚ್ಛಗೊಳಿಸಿದರು. ಎಂಟು ದಿನಗಳ ಮೇಲೆ ಗುತ್ತಿಗೆದಾರರ ಯಂತ್ರ ಬಂತು. ಕಡಿಯಲು ಅಲ್ಲಿ ಕಂಟಿ ಉಳಿದಿರಲಿಲ್ಲ; ರಸ್ತೆಯಿಂದ ಸಾಕಷ್ಟು ದೂರದಲ್ಲಿದ್ದ ಹಳೆಯ ಹುಣಸೆಮರವೊಂದು ಇತ್ತು. ಅದು ಉರುಳಿತು. ಈ ವರ್ಷ ಕಂಟಿ ಮತ್ತೆ ಅದೇ ಎತ್ತರಕ್ಕೆ ಬೆಳೆದು ನಿಂತಿದೆ. ಹುಣಸೆಮರದ ಜಾಗ ಬಯಲಾಗಿದೆ.

ಸರ್ಕಾರಿ ಸೇವೆಯಿಂದ ನಿವೃತ್ತನಾಗಿ ಊರಿಗೆ ಮರಳಿದ ನನ್ನಂಥವನಿಗೆ ಸಂಜೆ ಕಟ್ಟೆಯ ಮೇಲೆ ಕುಳಿತರೆ ಪ್ರಶ್ನೆಗಳಿಗೆ ಬರವಿಲ್ಲ. "ಸಾಹೇಬ್ರ, ಈ ಕಂಟಿ ಕಡಿಸೋದು ಯಾರ ಕೆಲಸರಿ?" ಎಂದು ಒಬ್ಬರು ಕೇಳುತ್ತಾರೆ. "ನಮ್ಮ ಅಂಗಡಿ ಗ್ವಾಡಿಗೆ ಕೆಂಪು ಬಣ್ಣದ ಗುರ್ತಾ ಹಾಕ್ಯಾರ. ಯಾವ ನಕಾಶೆ ನೋಡಿ ಹಾಕಿದ್ರು?" ಎಂದು ಬೈಲಹೊಂಗಲದ ವ್ಯಾಪಾರಿಯೊಬ್ಬರು ಕೇಳಿದರು. "ಬಜಾರದಾಗ ಬೇವಿನ ಮರ ಕಡದ್ರ ನಾ ಎಲ್ಲಿ ಕೂಡ್ಲಿ?" ಎಂದದ್ದು ಕಾಯಿಪಲ್ಲೆ ಮಾರುವ ತಾಯಿ. ಈ ಮೂರೂ ಪ್ರಶ್ನೆಗಳು ಬೇರೆ ಬೇರೆಯಾಗಿ ಕಂಡರೂ ಮೂಲದಲ್ಲಿ ಒಂದೇ ಎಂದು ನನಗೆ ಅನಿಸುತ್ತದೆ. ನಮ್ಮ ಆಡಳಿತದಲ್ಲಿ ಲೆಕ್ಕಕ್ಕೆ ಸಿಕ್ಕದ್ದು ಉಳಿಯುತ್ತದೆ, ಸಿಗದದ್ದು ಅಳಿಯುತ್ತದೆ. ಕಂಟಿ ಕಡಿಯುವ ಕೆಲಸ, ಸಾಲುಮರ, ನೆರಳಿನಲ್ಲಿ ಕೂತು ಮಾರುವ ಹೆಣ್ಣುಮಗಳು, ಇವು ಯಾವುವೂ ಸರಿಯಾದ ಲೆಕ್ಕದ ಪುಸ್ತಕದಲ್ಲಿ ಇಲ್ಲ.

ಮೊದಲ ಪ್ರಶ್ನೆಗೆ ಕಾನೂನಿನ ಉತ್ತರ ಕಷ್ಟದ್ದಲ್ಲ. ರಾಜ್ಯ ಹೆದ್ದಾರಿ ಮತ್ತು ಜಿಲ್ಲಾ ಮುಖ್ಯ ರಸ್ತೆಗಳು ಲೋಕೋಪಯೋಗಿ ಇಲಾಖೆಗೆ ಸೇರಿದವು. ಹಳ್ಳಿಯ ಸಂಪರ್ಕ ರಸ್ತೆಗಳು ಪಂಚಾಯತ್ ರಾಜ್ ಎಂಜಿನಿಯರಿಂಗ್ ವಿಭಾಗದವು. ಊರೊಳಗಿನ ಓಣಿಗಳು ಗ್ರಾಮ ಪಂಚಾಯಿತಿ ಅಥವಾ ಪುರಸಭೆಯ ಹೊಣೆ. ವಿದ್ಯುತ್ ತಂತಿಗೆ ತಾಗುವ ಕೊಂಬೆಗಳನ್ನು ಮಳೆಗಾಲಕ್ಕೆ ಮುಂಚೆ ಸವರುವುದು ಹೆಸ್ಕಾಂ ಕೆಲಸ. ಆದರೆ ಒಂದೇ ರಸ್ತೆ ಊರ ಹೊರಗೆ ಒಬ್ಬರದಾಗಿ, ಅಗಸಿ ದಾಟಿದ ಮೇಲೆ ಇನ್ನೊಬ್ಬರದಾಗುತ್ತದೆ. ಎಲ್ಲಿ ಒಬ್ಬರ ಹೊಣೆ ಮುಗಿದು ಇನ್ನೊಬ್ಬರದು ಶುರುವಾಗುತ್ತದೆ ಎಂದು ಹೇಳುವ ಕಲ್ಲನ್ನು ಯಾರೂ ನೆಟ್ಟಿಲ್ಲ. ಕಂಟಿ ಬೆಳೆಯುವುದು ಹೆಚ್ಚಾಗಿ ಆ ಗಡಿಯಲ್ಲೇ.

ಹಿಂದೆ ರಸ್ತೆ ಕೂಲಿಗಳ ಗ್ಯಾಂಗುಗಳಿದ್ದವು. ಇಂತಿಷ್ಟು ಮೈಲಿ ಇಂಥ ಗ್ಯಾಂಗಿನದು ಎಂಬ ಹಂಚಿಕೆ ಇರುತ್ತಿತ್ತು. ಗುಂಡಿಗೆ ಮಣ್ಣು ಹಾಕುವುದು, ಗಟಾರದ ಹೂಳು ತೆಗೆಯುವುದು, ಕಂಟಿ ಸವರುವುದು, ಮರಗಳ ಬುಡಕ್ಕೆ ಸುಣ್ಣ-ಕಾವಿ ಬಳಿದು ನಂಬರು ಬರೆಯುವುದು ಎಲ್ಲವೂ ಅವರದೇ. ಆ ಜನರಿಗೆ ತಮ್ಮ ಪಾಲಿನ ರಸ್ತೆಯ ಒಂದೊಂದು ಮರದ ಗುರುತೂ ಇರುತ್ತಿತ್ತು. ಅವರು ನಿವೃತ್ತರಾದಂತೆ ಆ ಹುದ್ದೆಗಳು ಖಾಲಿಯಾಗುತ್ತ ಹೋದವು. ಕೆಲಸ ಗುತ್ತಿಗೆಗೆ ಬಂತು. ಕಚೇರಿಗಳಲ್ಲಿ ಅದಕ್ಕೆ 'ಜಂಗಲ್ ಕಟಿಂಗ್' ಎಂಬ ಹೆಸರು. ಲೆಕ್ಕಪರಿಶೋಧಕರಿಗೆ ಇದರಷ್ಟು ತಲೆನೋವಿನ ಬಿಲ್ಲು ಇನ್ನೊಂದಿಲ್ಲ. ಕೆಲಸ ಮಾಡಿದ್ದರೂ ಮೂರು ತಿಂಗಳಲ್ಲಿ ಕಾಣುವುದಿಲ್ಲ, ಮಾಡದಿದ್ದರೂ ಕಾಣುವುದಿಲ್ಲ.

ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ನಾನು ಇದನ್ನು ಬೇರೊಂದು ಬಗೆಯಲ್ಲೂ ನೋಡುತ್ತೇನೆ. ನಮ್ಮ ಆಯವ್ಯಯ ಪದ್ಧತಿಗೆ ಹೊಸದನ್ನು ಕಟ್ಟುವುದರ ಮೇಲೆ ಇರುವ ಪ್ರೀತಿ ಇದ್ದದ್ದನ್ನು ಕಾಪಾಡುವುದರ ಮೇಲೆ ಇಲ್ಲ. 2005ರ ಉದ್ಯೋಗ ಖಾತರಿ ಕಾಯ್ದೆಯನ್ನೇ ನೋಡಿ. ಅದರಡಿ ರಸ್ತೆ ಬದಿಯಲ್ಲಿ ಸಸಿ ನೆಡುವುದಕ್ಕೆ ಅವಕಾಶವಿತ್ತು, ಏಕೆಂದರೆ ಅದು ಆಸ್ತಿ ಸೃಷ್ಟಿ. ಹುಲ್ಲು ಕೀಳುವಂಥ, ಅಳತೆಗೆ ಸಿಗದ, ಮತ್ತೆ ಮತ್ತೆ ಮಾಡಬೇಕಾದ ಕೆಲಸಗಳನ್ನು ಕೈಗೊಳ್ಳಬಾರದು ಎಂದು ಅದರ ಅನುಸೂಚಿಯೇ ಹೇಳುತ್ತಿತ್ತು. ಹುಸಿ ಬಿಲ್ಲು ತಡೆಯುವ ದೃಷ್ಟಿಯಿಂದ ಈ ನಿಯಮ ಸರಿಯೇ. ಆದರೆ ಮತ್ತೆ ಮತ್ತೆ ಮಾಡಬೇಕಾದ ಕೆಲಸಕ್ಕೆ ಹಣ ಎಲ್ಲಿಂದ ಎಂಬ ಪ್ರಶ್ನೆಗೆ ಉತ್ತರ ಸಿಗಲಿಲ್ಲ. ಹೀಗಾಗಿ ನೆಟ್ಟ ಸಸಿಯನ್ನೂ ಕಂಟಿಯೇ ನುಂಗುತ್ತದೆ.

ಯಾವುದನ್ನು ತೆರವುಗೊಳಿಸಬೇಕು, ಯಾವುದನ್ನು ಬಿಡಬೇಕು ಎಂಬ ವಿವೇಕವೂ ಬೇಕು. ಬಳ್ಳಾರಿ ಜಾಲಿ ನಮ್ಮ ನೆಲದ್ದಲ್ಲ. ಅಮೆರಿಕ ಖಂಡದಿಂದ 19ನೇ ಶತಮಾನದ ಉತ್ತರಾರ್ಧದಲ್ಲಿ ಇಲ್ಲಿಗೆ ಬಂದದ್ದು. ಬುಡದ ಮೇಲೆ ಕಡಿದರೆ ಒಂದರ ಜಾಗದಲ್ಲಿ ಹತ್ತು ಚಿಗುರೊಡೆಯುತ್ತದೆ. ಅದನ್ನು ಬೇರುಸಹಿತ ಕೀಳಬೇಕು, ಕಿತ್ತ ಜಾಗದಲ್ಲಿ ಬೇರೇನಾದರೂ ಬೆಳೆಸಬೇಕು. ಕಾಂಗ್ರೆಸ್ ಕಸ ನಮ್ಮ ದೇಶದಲ್ಲಿ ಗಮನಕ್ಕೆ ಬಂದದ್ದು 1950ರ ದಶಕದಲ್ಲಿ, ಪುಣೆಯಲ್ಲಿ. ಅದನ್ನು ತಿನ್ನುವ ಮೆಕ್ಸಿಕೋದ ಜೀರುಂಡೆಯನ್ನು 1984ರಲ್ಲಿ ಬೆಂಗಳೂರಿನಲ್ಲಿ ಬಿಡಲಾಯಿತು. ಜೀರುಂಡೆ ತನ್ನ ಕೆಲಸ ಮಾಡುತ್ತಿದೆ. ಕಸ ಅದಕ್ಕಿಂತ ಬೇಗ ಬೆಳೆಯುತ್ತಿದೆ. ಒಂದೊಂದು ಗಿಡ ಸಾವಿರಾರು ಬೀಜ ಉದುರಿಸುವುದರಿಂದ ಹೂ ಬಿಡುವ ಮೊದಲೇ ಕೀಳಬೇಕು. ದೀಪಾವಳಿಗೆ ಬಿಲ್ಲು ಮಾಡುವ ಅನುಕೂಲಕ್ಕಾಗಿ ಹೂಬಿಟ್ಟ ಮೇಲೆ ಕಡಿದರೆ ನಾವು ಮುಂದಿನ ವರ್ಷದ ಬಿತ್ತನೆ ಮಾಡಿದಂತೆ. ಚಕ್ಕಡಿ, ಕೂರಿಗೆಗೆ ಮರ ಕೊಟ್ಟ ನಮ್ಮ ಕರಿಜಾಲಿ, ದಸರೆಯಲ್ಲಿ ಪೂಜೆಗೊಳ್ಳುವ ಬನ್ನಿ, ಬೇವು, ಹುಣಸೆ, ಆಲ, ಬಸರಿ ಈ ಸಾಲಿಗೆ ಸೇರಿದವಲ್ಲ. ಯಂತ್ರದ ಹಲ್ಲಿಗೆ ಈ ಭೇದ ತಿಳಿಯದು. ಜೊತೆಯಲ್ಲಿ ನಿಲ್ಲುವ ಮನುಷ್ಯನಿಗೆ ತಿಳಿದಿರಬೇಕು.

ಕಾನೂನಿಗಾದರೂ ಈ ಭೇದ ತಿಳಿದಿದೆ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಲ್ಲಿ ಬಳ್ಳಾರಿ ಜಾಲಿ, ನೀಲಗಿರಿ, ಸುಬಾಬುಲ್, ಸಿಲ್ವರ್ ಓಕ್, ತೆಂಗು ಮೊದಲಾದವುಗಳಿಗೆ ಅನುಮತಿಯಿಂದ ವಿನಾಯಿತಿ ಇದೆ. ಬೇವು ಹುಣಸೆಗಳಿಗೆ ಇಂಥ ಸಾರ್ವತ್ರಿಕ ವಿನಾಯಿತಿ ಇಲ್ಲ. ಪಟ್ಟಣದಲ್ಲಿ ಅಂಥ ಮರ ಕಡಿಯಲು ವೃಕ್ಷಾಧಿಕಾರಿಯ ಅನುಮತಿ ಬೇಕು, ಕಡಿದವರು ಬದಲಿ ಸಸಿ ನೆಡಬೇಕು. ರಸ್ತೆಯಂಥ ಸಾರ್ವಜನಿಕ ಕಾಮಗಾರಿಗೆ 50ಕ್ಕಿಂತ ಹೆಚ್ಚು ಮರ ಕಡಿಯಬೇಕಾದಾಗ ಮೊದಲು ಜನರ ಆಕ್ಷೇಪಣೆಗಳನ್ನು ಕರೆದು ಪರಿಶೀಲಿಸಬೇಕು ಎಂದು ಅನಂತರದ ತಿದ್ದುಪಡಿ ವಿಧಿಸಿದೆ. ಒಳ್ಳೆಯ ನಿಯಮ. ಆದರೆ ಟೆಂಡರ್ ತಪ್ಪಿಸಲು ತುಂಡು ಗುತ್ತಿಗೆ ಮಾಡುವ ಜಾಣತನವನ್ನು ಕಂಡವರಿಗೆ, ಒಂದು ರಸ್ತೆಯ ಮರಗಳನ್ನು ನಲವತ್ತು ನಲವತ್ತರ ತುಂಡುಗಳಾಗಿ ತೋರಿಸುವುದು ಎಷ್ಟು ಸುಲಭ ಎಂದು ವಿವರಿಸಬೇಕಾಗಿಲ್ಲ.

ಇಲ್ಲಿ ನನ್ನದೇ ಒಂದು ತಪ್ಪನ್ನು ಹೇಳಿಕೊಳ್ಳಬೇಕು. ಸುಮಾರು 25 ವರ್ಷಗಳ ಹಿಂದೆ ಬೇರೊಂದು ತಾಲೂಕಿನಲ್ಲಿದ್ದಾಗ ರಸ್ತೆ ಸುಧಾರಣೆಯ ಕಡತವೊಂದು ನನ್ನ ಮುಂದೆ ಬಂತು. ಕಂದಾಯ ಜಾಗದಲ್ಲಿದ್ದ 38 ಮರಗಳನ್ನು ಕಡಿಯಲು ನಮ್ಮ ಕಚೇರಿಯ ನಿರಾಕ್ಷೇಪಣಾ ಪತ್ರ ಬೇಕಿತ್ತು. ಬಹುಪಾಲು ಹುಣಸೆ, ಉಳಿದವು ಬೇವು. ಸ್ಥಳ ತನಿಖೆಗೆ ಹೋಗಲು ಪುರಸತ್ತು ಇರಲಿಲ್ಲ. 'ಒಂದಕ್ಕೆ ಎರಡರಂತೆ ಸಸಿ ನೆಡತಕ್ಕದ್ದು' ಎಂಬ ಷರತ್ತು ಬರೆದು ಸಹಿ ಮಾಡಿದೆ. ಷರತ್ತು ಬರೆದ ತೃಪ್ತಿಯೂ ಆಯಿತು. ನಿವೃತ್ತಿಯ ನಂತರ ಆ ದಾರಿಯಲ್ಲಿ ಹೋಗುವ ಸಂದರ್ಭ ಬಂದಾಗ ಕಾರು ನಿಲ್ಲಿಸಿ ನಡೆದು ನೋಡಿದೆ. ಬದುಕಿದ್ದ ಮರಗಳು ಮೂರು. ಸಸಿಗೆ ಹಾಕಿದ್ದ ಕಬ್ಬಿಣದ ಜಾಳಿಗೆಯೊಂದು ಒಂದು ಮನೆಯ ಹಿತ್ತಲಲ್ಲಿ ಕೋಳಿಮರಿಗಳಿಗೆ ಆಸರೆಯಾಗಿತ್ತು. ಆ ಮನೆಯವರ ತಪ್ಪೇನೂ ಇಲ್ಲ. ಖಾಲಿ ಜಾಳಿಗೆಯನ್ನು ಅವರು ಉಪಯೋಗಕ್ಕೆ ತಂದಿದ್ದರು. ಸಹಿ ಮಾಡಿದ ಮೇಲೆ ಆ ಷರತ್ತನ್ನು ಮತ್ತೊಮ್ಮೆ ನೋಡದ ತಪ್ಪು ನನ್ನದು. ಮರ ಕಡಿದ ದಿನಾಂಕ ಕಡತದಲ್ಲಿತ್ತು. ಸಸಿ ಬದುಕಿದೆಯೇ ಎಂದು ನೋಡಬೇಕಾದ ದಿನಾಂಕವನ್ನು ನಾನು ಬರೆದಿರಲಿಲ್ಲ.

ನಮ್ಮ ಕಚೇರಿಗಳ ಮಟ್ಟಿಗೆ ರಸ್ತೆ ಬದಿಯ ಹುಣಸೆಮರ ಎಂದರೆ ವರ್ಷಕ್ಕೊಮ್ಮೆ ಹಣ್ಣಿನ ಹರಾಜಿನಿಂದ ಬರುವ ಮೊತ್ತ. ಅದರ ನೆರಳಿಗೆ ಬೆಲೆ ಕಟ್ಟುವ ಕಲಮು ಇಲ್ಲ. ಆದರೆ ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗಳಿಗೆ ಸವದತ್ತಿ ಯಲ್ಲಮ್ಮನ ಗುಡ್ಡಕ್ಕೆ ಚಕ್ಕಡಿ ಕಟ್ಟಿಕೊಂಡು, ನಡೆದುಕೊಂಡು ಹೋಗುವ ಜನ ಮಧ್ಯಾಹ್ನ ಇಳಿಯುವುದು ಎಲ್ಲಿ? ರೊಟ್ಟಿ ಗಂಟು ಬಿಚ್ಚುವುದು ಎಲ್ಲಿ? ಎತ್ತು ಕಟ್ಟುವುದು ಎಲ್ಲಿ? ದಾರಿಯ ಬದಿ ಆಲದ ಮರಗಳನ್ನು ನೆಡಿಸಿದೆನೆಂದು ಅಶೋಕ ಶಾಸನದಲ್ಲಿ ಕೊರೆಯಿಸಿದ್ದು ಹಣ್ಣಿನ ಹರಾಜಿಗಲ್ಲ, ಮನುಷ್ಯರಿಗೂ ಪಶುಗಳಿಗೂ ನೆರಳಾಗಲೆಂದು.

ಎಣಿಕೆ ಎಂಥ ರಕ್ಷಣೆ ಎಂಬುದಕ್ಕೆ ಎರಡು ಉದಾಹರಣೆ ಕೊಡುತ್ತೇನೆ. 2025ರ ನವೆಂಬರಿನಲ್ಲಿ ನಮ್ಮನ್ನು ಅಗಲಿದ ಸಾಲುಮರದ ತಿಮ್ಮಕ್ಕನವರು ಪತಿಯೊಂದಿಗೆ ಹುಲಿಕಲ್–ಕುದೂರು ನಡುವೆ ಬೆಳೆಸಿದ ಆಲದ ಮರಗಳು 385. ಈ ಸಂಖ್ಯೆ ನಾಡಿಗೆಲ್ಲ ಬಾಯಿಪಾಠ. 2019ರಲ್ಲಿ ರಸ್ತೆ ವಿಸ್ತರಣೆಯಿಂದ ಆ ಮರಗಳಿಗೆ ಕುತ್ತು ಬಂದಾಗ ಅವರು ಮುಖ್ಯಮಂತ್ರಿಯವರಲ್ಲಿ ಮೊರೆಯಿಟ್ಟರು; ಸರ್ಕಾರ ಪರ್ಯಾಯ ಹುಡುಕಲು ಒಪ್ಪಿತು. ಬೆಂಗಳೂರಿನಲ್ಲಿ ಬಸವೇಶ್ವರ ವೃತ್ತದಿಂದ ಹೆಬ್ಬಾಳದವರೆಗೆ ಉಕ್ಕಿನ ಮೇಲ್ಸೇತುವೆಯ ಯೋಜನೆ ಬಂದಾಗ 812 ಮರಗಳು ಹೋಗುತ್ತವೆ ಎಂಬ ಲೆಕ್ಕ ಹೊರಬಿತ್ತು. 2016ರ ಅಕ್ಟೋಬರಿನಲ್ಲಿ ಜನ ಕೈಕೈ ಹಿಡಿದು ಬೀದಿಯಲ್ಲಿ ನಿಂತರು. 2017ರ ಮಾರ್ಚಿನಲ್ಲಿ ಯೋಜನೆ ಕೈಬಿಡಲಾಯಿತು. ನಮ್ಮ ಭಾಗಕ್ಕೇ ಬಂದರೆ, ನಂದಗಡದಲ್ಲಿ ಸಂಗೊಳ್ಳಿ ರಾಯಣ್ಣನ ಸಮಾಧಿಯ ಬಳಿಯ ಆಲದ ಮರವನ್ನು ಮುಟ್ಟುವ ಧೈರ್ಯ ಯಾವ ಎಂಜಿನಿಯರಿಗೂ ಬಾರದು. ಆ ಮರಕ್ಕೆ ಹೆಸರಿದೆ. ಹೆಸರೂ ಇಲ್ಲದ, ನಂಬರೂ ಅಳಿಸಿಹೋದ ಮರಗಳ ಪರವಾಗಿ ಮಾತನಾಡುವವರು ಯಾರು?

ಈಗ ಪೇಟೆಯ ಪ್ರಶ್ನೆ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ, ಮುರಗೋಡ ಇವೆಲ್ಲ ಚಕ್ಕಡಿ ಹಾಗೂ ಕಾಲ್ನಡಿಗೆಯ ಕಾಲದಲ್ಲಿ ಬೆಳೆದ ಪೇಟೆಗಳು. ಅಲ್ಲಿ ಇಂದು ವಾಹನ ನುಗ್ಗಲು ಜಾಗವಿಲ್ಲ ಎಂಬುದು ನಿಜ. ರಸ್ತೆ ಅಗಲ ಮಾಡಿ ಎನ್ನುವವರನ್ನು ನಾನು ಹಳಿಯುವುದಿಲ್ಲ. ಬಾಣಂತಿಯನ್ನು ಕರೆದೊಯ್ಯುವ ಆಂಬುಲೆನ್ಸ್ ಸಂತೆಯ ದಿನ ಸಿಕ್ಕಿಬಿದ್ದದ್ದನ್ನು ನಾನೂ ಕಂಡಿದ್ದೇನೆ. ಆದರೆ ಅಗಲ ಮಾಡುವುದೊಂದೇ ಮದ್ದಲ್ಲ. ಅಮೆರಿಕದ ಅರ್ಥಶಾಸ್ತ್ರಜ್ಞ ಆಂಥೊನಿ ಡೌನ್ಸ್ 1962ರಲ್ಲೇ ತೋರಿಸಿದಂತೆ, ಹೆಚ್ಚಿಸಿದ ರಸ್ತೆಯನ್ನು ತುಂಬಲು ಹೊಸ ವಾಹನಗಳು ತಾವಾಗಿಯೇ ಬರುತ್ತವೆ. ನಮ್ಮಲ್ಲಂತೂ ಅಗಲಗೊಂಡ ರಸ್ತೆಯ ಎರಡೂ ಬದಿ ಮೊದಲ ವಾರವೇ ಕಾರು, ಮೋಟಾರ್ ಸೈಕಲ್ಲುಗಳ ನಿಲ್ದಾಣವಾಗುತ್ತದೆ. ಮರ ಹೋಯಿತು, ಪಡಸಾಲೆ ಹೋಯಿತು, ಓಡಾಡುವ ಜಾಗ ಮಾತ್ರ ಅಷ್ಟೇ ಉಳಿಯಿತು.

ಹುಬ್ಬಳ್ಳಿ–ಧಾರವಾಡದ ಅನುಭವ ನಮ್ಮೆದುರಿಗಿದೆ. ಸುಮಾರು 22 ಕಿಲೋಮೀಟರಿನ ಬಿ.ಆರ್.ಟಿ.ಎಸ್. ಮಾರ್ಗದಲ್ಲಿ 2018ರ ಅಕ್ಟೋಬರಿನಲ್ಲಿ 'ಚಿಗರಿ' ಬಸ್ಸುಗಳು ಓಡತೊಡಗಿದವು. 2020ರ ಫೆಬ್ರುವರಿಯಲ್ಲಿ ವಿಧ್ಯುಕ್ತ ಉದ್ಘಾಟನೆಯಾಯಿತು. ಬಸ್ಸಿಗೆ ತನ್ನದೇ ಪಥ ಸಿಕ್ಕಿದ್ದು ಪ್ರಯಾಣಿಕನಿಗೆ ಲಾಭ ತಂದಿತು, ಅದನ್ನು ಅಲ್ಲಗಳೆಯಲಾರೆ. ಆದರೆ ನನ್ನ ತಲೆಮಾರಿನವರು ಓದಲು ಹೋಗಿದ್ದ ಆ ನೆರಳಿನ ಹಾದಿ ಈಗ ಇಲ್ಲ. ಇಷ್ಟು ದೊಡ್ಡ ಯೋಜನೆಯಲ್ಲಿ ಹೊಸ ಸಾಲುಮರಗಳನ್ನು ಐದು ವರ್ಷ ಮೊದಲೇ ಬೆಳೆಸಿ, ಆಮೇಲೆ ಹಳೆಯವನ್ನು ಕಡಿಯಬಹುದಿತ್ತಲ್ಲವೇ ಎಂದು ಅಲ್ಲಿ ಬಿಸಿಲಿನಲ್ಲಿ ನಿಂತಾಗಲೆಲ್ಲ ಅನಿಸುತ್ತದೆ. ಇತ್ತ ಬೆಂಗಳೂರಿನ ಕೆಲವು ಟೆಂಡರ್‌ಶ್ಯೂರ್ ರಸ್ತೆಗಳಲ್ಲಿ ಇನ್ನೊಂದು ದಾರಿ ತುಳಿದರು. ಕೊಳವೆ, ತಂತಿಗಳನ್ನು ನೆಲದಡಿಗೆ ಒಯ್ದು, ವಾಹನದ ಪಥಕ್ಕೆ ಒಂದೇ ಸಮನಾದ ಅಗಲ ಕೊಟ್ಟು, ಉಳಿದದ್ದನ್ನು ಕಾಲುದಾರಿಗೆ ಬಿಟ್ಟರು. ವೆಚ್ಚದ ಬಗ್ಗೆ ತಕರಾರುಗಳಿದ್ದವು. ಆದರೆ ಅದರ ಹಿಂದಿನ ವಿಚಾರವನ್ನು ಸಣ್ಣ ಪೇಟೆಯೂ ಕಡಿಮೆ ಖರ್ಚಿನಲ್ಲಿ ಅನುಸರಿಸಬಹುದು.

ಗೋಡೆಯ ಮೇಲಿನ ಕೆಂಪು ಗುರುತಿನ ವಿಷಯದಲ್ಲಿ ನನ್ನ ಉತ್ತರ ಇಷ್ಟು. ಗುರುತು ಹಾಕಿದವರನ್ನು ಮೊದಲು ನಕ್ಷೆ ಕೇಳಿ. 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ ಪ್ರಕಾರ ತಯಾರಾಗುವ ಮಹಾಯೋಜನೆಯನ್ನು ಜನರ ಮುಂದಿಟ್ಟು ಅಭಿಪ್ರಾಯ ಕೇಳಬೇಕು. ಆ ಅವಧಿಯಲ್ಲಿ ಬಾಯಿ ಮುಚ್ಚಿಕೊಂಡು, ಬುಲ್ಡೋಜರ್ ಬಂದಾಗ ಬಾಯಿ ತೆರೆದರೆ ಪ್ರಯೋಜನ ಕಡಿಮೆ. ನಿಮ್ಮ ಉತಾರ ಹಾಗೂ ಅಳತೆಯ ನಕಲನ್ನು ಕೈಯಲ್ಲಿಟ್ಟುಕೊಳ್ಳಿ. ರಸ್ತೆಯ ಜಾಗವನ್ನು ನೀವು ಒತ್ತುವರಿ ಮಾಡಿದ್ದರೆ ಬಿಟ್ಟುಕೊಡುವುದು ಧರ್ಮ. ಆದರೂ ನೋಟಿಸು ಕೊಡಬೇಕು, ನಿಮ್ಮ ಮಾತು ಕೇಳಬೇಕು. ಜಾಗ ನಿಮ್ಮದೇ ಆಗಿದ್ದರೆ ಕಾನೂನಿನ ಆಧಾರವಿಲ್ಲದೆ ಅದನ್ನು ಕಸಿಯಲು ಸಂವಿಧಾನದ 300-ಎ ವಿಧಿ ಬಿಡುವುದಿಲ್ಲ; 1894ರ ಹಳೆಯ ಭೂಸ್ವಾಧೀನ ಕಾಯ್ದೆಯ ಬದಲು ಬಂದ 2013ರ ಕಾಯ್ದೆ ನ್ಯಾಯೋಚಿತ ಪರಿಹಾರದ ದಾರಿ ಹೇಳುತ್ತದೆ. ಕಾಗದ ತೋರಿಸಲು ಹಿಂದೇಟು ಹಾಕಿದರೆ 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಅರ್ಜಿ ಕೊಡಿ. 30 ದಿನಗಳಲ್ಲಿ ಉತ್ತರ ಬರಬೇಕು.

ಕಾಯಿಪಲ್ಲೆ ಮಾರುವ ತಾಯಿಗೂ ಕಾನೂನು ಇದೆ. 2014ರ ಬೀದಿ ಬದಿ ವ್ಯಾಪಾರಿಗಳ ಕಾಯ್ದೆಯ ಪ್ರಕಾರ ಪುರಸಭೆ, ಪಟ್ಟಣ ಪಂಚಾಯಿತಿಗಳಲ್ಲಿ ಪಟ್ಟಣ ವ್ಯಾಪಾರ ಸಮಿತಿ ಇರಬೇಕು. ಅದರಲ್ಲಿ ವ್ಯಾಪಾರಿಗಳ ಪ್ರತಿನಿಧಿಗಳು ಶೇ 40ಕ್ಕೆ ಕಡಿಮೆ ಇರಬಾರದು. ಆ ಪ್ರತಿನಿಧಿಗಳಲ್ಲಿ ಮೂರನೆಯ ಒಂದು ಭಾಗ ಮಹಿಳೆಯರಾಗಿರಬೇಕು. ಸಮೀಕ್ಷೆ ಮಾಡದೆ ಅವರನ್ನು ಎಬ್ಬಿಸುವಂತಿಲ್ಲ. ಆಕೆಯ ಬೇವಿನ ಮರ ಪೇಟೆಯ ನಕ್ಷೆಯಲ್ಲಿ ಒಂದು ಚುಕ್ಕೆಯಾಗಿ ಇರಬೇಕು, ಆಕೆಯ ಹೆಸರು ಸಮೀಕ್ಷೆಯ ಪಟ್ಟಿಯಲ್ಲಿ ಇರಬೇಕು. ಚುಕ್ಕೆಯಿಲ್ಲದ ಮರ, ಹೆಸರಿಲ್ಲದ ವ್ಯಾಪಾರಿ, ಎರಡನ್ನೂ ಅರ್ಧ ದಿನದಲ್ಲಿ ತೆರವುಗೊಳಿಸಬಹುದು.

ಹಾಗಾದರೆ ಏನು ಮಾಡಬಹುದು? ದೊಡ್ಡ ಯೋಜನೆ ಬೇಕಿಲ್ಲ. ರಸ್ತೆ ಬದಿಯ ಕಂಟಿ ತೆರವನ್ನು ಕಿಲೋಮೀಟರಿಗೆ ಇಷ್ಟೆಂದು ಸ್ಥಳೀಯ ಸ್ತ್ರೀಶಕ್ತಿ ಗುಂಪುಗಳಿಗೆ ವರ್ಷಪೂರ್ತಿ ವಹಿಸಿ. ಕಡಿದದ್ದಕ್ಕೆ ಹಣ ಕೊಡುವ ಬದಲು, ರಸ್ತೆಯ ಅಂಚು ತಿಂಗಳು ತಿಂಗಳೂ ಸ್ವಚ್ಛವಾಗಿ ಉಳಿದದ್ದಕ್ಕೆ ಹಣ ಕೊಡಿ. ಆಗ ಲೆಕ್ಕಪರಿಶೋಧಕರು ಯಾವ ದಿನ ಬಂದರೂ ಕಣ್ಣಾರೆ ನೋಡಬಹುದು. ಕಾಂಗ್ರೆಸ್ ಕಸವನ್ನು ಹೂ ಬಿಡುವ ಮೊದಲೇ ಕೀಳುವುದು ಆ ಗುಂಪಿಗೇ ಲಾಭವಾಗುತ್ತದೆ. ಮರಗಣತಿ ಮಾಡಿಸುವುದು ಮೇಲೆ ಹೇಳಿದ ವೃಕ್ಷ ಕಾಯ್ದೆಯಲ್ಲೇ ಇರುವ ಕರ್ತವ್ಯ. ಅದು ಆಗುವ ತನಕ ನಮ್ಮ ಶಾಲೆ ಕಾಲೇಜುಗಳ ಮಕ್ಕಳು ಊರಿನ ಎರಡು ಬದಿಗೆ ಎರಡೆರಡು ಕಿಲೋಮೀಟರ್ ನಡೆದು, ಪ್ರತಿ ಮರದ ಜಾತಿ, ಸುತ್ತಳತೆ, ನಂಬರು ಬರೆದುಕೊಂಡು ಬರಲಿ. ಆ ಪಟ್ಟಿಯನ್ನು ಗ್ರಾಮಸಭೆಯಲ್ಲಿ ಓದಿ ನಡಾವಳಿಯಲ್ಲಿ ಸೇರಿಸಲಿ. ಒಣಗಿದ, ಟೊಳ್ಳಾದ, ತಿರುವಿನಲ್ಲಿ ದಾರಿ ಮರೆಮಾಡುವ ಮರಗಳು ಕೆಲವು ಇರಬಹುದು. ಅವನ್ನು ಕಡಿಯಬೇಕೆಂದು ಅದೇ ಸಭೆ ಹೇಳಲಿ. ಕಡಿಯಬಾರದೆಂದು ಹಟ ಹಿಡಿಯುವವರಿಗಿಂತ ಯಾವುದನ್ನು ಕಡಿಯಬಹುದೆಂದು ತಾವೇ ತೋರಿಸುವ ಊರಿನವರ ಮಾತಿಗೆ ಕಚೇರಿಯಲ್ಲಿ ತೂಕ ಹೆಚ್ಚು. ಇದು ಕಡತದ ಈಚೆ ಬದಿಯಲ್ಲಿ ಕುಳಿತು ನಾನು ಕಲಿತದ್ದು.

ಸೇವೆಯಲ್ಲಿರುವ ಕಿರಿಯ ಅಧಿಕಾರಿಗಳಿಗೂ ಒಂದು ವಿನಂತಿ. ಸಸಿ ನೆಡುವ ಷರತ್ತು ಬರೆಯುವಾಗ ಅದರ ಕೆಳಗೆ ಇನ್ನೊಂದು ಸಾಲು ಸೇರಿಸಿ: ಮೂರನೆಯ ವರ್ಷದ ಇಂಥ ದಿನ ಇಂಥ ಅಧಿಕಾರಿ ಸ್ಥಳಕ್ಕೆ ಹೋಗಿ ಬದುಕಿದ ಸಸಿಗಳನ್ನು ಎಣಿಸಿ ವರದಿ ಕೊಡತಕ್ಕದ್ದು. ನಾನು ಆ ಸಾಲನ್ನು ಬರೆಯಲಿಲ್ಲ.

ಆ ಹುಡುಗ ಈಗ ಕೋಲು ಬಿಟ್ಟು ನಡೆಯುತ್ತಿದ್ದಾನೆ. ಮೊನ್ನೆ ಅವನೂ ಅವನ ಗೆಳೆಯರೂ ನಮ್ಮ ಮನೆಗೆ ಬಂದು ಮರಗಣತಿಗೆ ಒಂದು ಮಾದರಿ ತಖ್ತೆ ಬರೆದುಕೊಡಿರೆಂದು ಕೇಳಿದರು. ನಂಬರು, ಜಾತಿ, ಸುತ್ತಳತೆ, ಷರಾ ಎಂದು ನಾಲ್ಕು ಕಲಮು ಹಾಕಿಕೊಟ್ಟೆ. ಅವನು ಸ್ವಲ್ಪ ಹೊತ್ತು ನೋಡಿ, "ಅಜ್ಜಾರ, ಆ ಹುಣಸಿಮರದ್ದೂ ಬರೀಲೇನ್ರಿ?" ಎಂದ. ಬರಿ, ಷರಾ ಕಲಮಿನಲ್ಲಿ 'ಕಡಿಯಲಾಗಿದೆ' ಎಂದು ಬರಿ ಅಂದೆ. ಆ ಪಟ್ಟಿಯ ಮೊದಲನೆಯ ನಂಬರು ಅದೇ.